ಒಬ್ಬಳೇ ಮಗಳು, ಅವಳೂ ಅಮೆರಿಕದಲ್ಲಿ

"ನಿಮಗೆ ಮಕ್ಕಳೆಷ್ಟು?"

"ಒಬ್ಬಳೇ ಮಗಳು."

"ಎಲ್ಲಿದ್ದಾಳೆ?"

"ಅಮೆರಿಕದಲ್ಲಿ."

ನನ್ನ ಹೆಂಡತಿ ಚೀನಾದವಳು. 2023ರ ಬೇಸಿಗೆಯಲ್ಲಿ ಅಲ್ಲಿ ನಮ್ಮ ಅತ್ತೆ ಮಾವನ ಅಮೆರಿಕದ ವೀಸಾ ಸಂದರ್ಶನ ಹೆಚ್ಚುಕಮ್ಮಿ ಇಷ್ಟೇ ಆಗಿತ್ತು. ಎರಡು ನಿಮಿಷವೂ ಹಿಡಿಯಲಿಲ್ಲ. ಗಾಜಿನ ಕಿಂಡಿಯ ಕೆಳಗಿನಿಂದ ಎರಡು ಪಾಸ್‌ಪೋರ್ಟ್, ಜೊತೆಗೊಂದು ಅಚ್ಚು ಮಾಡಿದ ಹಾಳೆ ವಾಪಸ್ ಬಂತು. ಅತ್ತೆ ಎದೆಗೆ ಒತ್ತಿಕೊಂಡು ನಿಂತಿದ್ದ ಫೈಲನ್ನು ಯಾರೂ ಕೇಳಲಿಲ್ಲ.

ಆ ಫೈಲ್‌ನಲ್ಲಿ ಏನೇನಿತ್ತು ಅಂತ ನನಗೆ ಇವತ್ತಿಗೂ ಬಾಯಿಪಾಠ. ಹುಕೌ ಪುಸ್ತಕ. ನಮ್ಮ ರೇಷನ್ ಕಾರ್ಡಿನ ಹಾಗೆ ಮನೆಮಂದಿಯ ಹೆಸರೆಲ್ಲ ಅದರಲ್ಲಿರುತ್ತದೆ. ಮನೆಯ ಹಕ್ಕುಪತ್ರ. ಇಬ್ಬರ ನಿವೃತ್ತಿಯ ದಾಖಲೆ. ಬ್ಯಾಂಕಿನಲ್ಲಿ ಇಟ್ಟ ಹಣದ ಪತ್ರ. ನಮ್ಮ ಮದುವೆ ಸರ್ಟಿಫಿಕೇಟ್. ನನ್ನ ಹೆಂಡತಿಗೆ ನವೆಂಬರಿನಲ್ಲಿ ಹೆರಿಗೆ ಅಂತ ಡಾಕ್ಟರು ಬರೆದುಕೊಟ್ಟ ಚೀಟಿ. ಇದನ್ನೆಲ್ಲ ಜೋಡಿಸಲು ಮಾವ ಮೂರು ವಾರ ಓಡಾಡಿದ್ದರು. ಅವರು ಸಿಚುವಾನ್ ಪ್ರಾಂತ್ಯದ ಲೆಶಾನ್ ಊರಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಪ್ರತಿ ಹಾಳೆಯ ಮೂಲೆಗೂ ಪೆನ್ಸಿಲ್‌ನಲ್ಲಿ ಸಂಖ್ಯೆ ಹಾಕಿದ್ದರು.

ವಾಪಸ್ ಬಂದ ಹಾಳೆಯಲ್ಲಿ ಇದ್ದದ್ದು 214(ಬಿ) ಅನ್ನೋ ಕಲಮು. ಅಮೆರಿಕಕ್ಕೆ ಮಕ್ಕಳನ್ನು ಕಳಿಸಿದ ಎಷ್ಟೋ ಕನ್ನಡದ ಮನೆಗಳಿಗೂ ಈ ನಂಬರು ಗೊತ್ತಿರುತ್ತದೆ. 1952ರ ವಲಸೆ ಕಾಯ್ದೆಯಲ್ಲಿರುವ ಮಾತು ಅದು. ವೀಸಿಟರ್ ವೀಸಾ ಕೇಳಲು ಬಂದವರೆಲ್ಲ ಅಲ್ಲೇ ನೆಲೆಸಲು ಹೊರಟವರು ಅಂತಲೇ ಅಧಿಕಾರಿ ಅಂದುಕೊಳ್ಳಬೇಕು. ಹಾಗಲ್ಲ, ನಾವು ವಾಪಸ್ ಬರುತ್ತೇವೆ ಅಂತ ತೋರಿಸುವುದು ಅರ್ಜಿ ಹಾಕಿದವರ ಹೊಣೆ. ಅದಕ್ಕೆ ಮೇಲ್ಮನವಿ ಇಲ್ಲ. ಮತ್ತೆ ಪ್ರಯತ್ನಿಸಬೇಕು ಅಂದರೆ ಹೊಸ ಅರ್ಜಿ, ಹೊಸ ಶುಲ್ಕ. ಆ ಜೂನ್‌ನಲ್ಲಿ ಶುಲ್ಕವೂ 160 ಡಾಲರಿನಿಂದ 185ಕ್ಕೆ ಏರಿತು.

ಹಣದ ಮಾತು ಬಿಡಿ. ಅವತ್ತು ರಾತ್ರಿ ವಿಡಿಯೋ ಕಾಲ್‌ನಲ್ಲಿ ಅತ್ತೆ ಮಗಳನ್ನು ಕೇಳಿದ ಮಾತು ನನಗೆ ಇನ್ನೂ ಚುಚ್ಚುತ್ತದೆ. "ನಾನು ಏನು ತಪ್ಪು ಹೇಳಿದೆ?"

ಅವರು ತಪ್ಪೇನೂ ಹೇಳಿರಲಿಲ್ಲ. ಒಬ್ಬಳೇ ಮಗಳು ಇರುವುದು ನಿಜ. ಅವಳು ಮಿನ್ನಿಯಾಪೊಲಿಸ್‌ನಲ್ಲಿ ನನ್ನ ಜೊತೆ ಇರುವುದೂ ನಿಜ. ಆದರೆ ಆ ಕಿಂಡಿಯ ಮುಂದೆ ಈ ಎರಡು ನಿಜಗಳನ್ನು ಒಟ್ಟಿಗೆ ಹೇಳಿದಾಗ ಕೇಳಿಸುವುದೇ ಬೇರೆ. ಊರಿನಲ್ಲಿ ಇವರನ್ನು ಹಿಡಿದಿಡುವವರು ಯಾರೂ ಇಲ್ಲ ಅಂತ.

ನನಗೆ ಸಂಕಟವಾಗೋದು ಇಲ್ಲಿ. ಒಂದೇ ಮಗು ಸಾಕು ಅಂತ ಅತ್ತೆ ಮಾವ ತೀರ್ಮಾನ ಮಾಡಿದವರಲ್ಲ. ಚೀನಾದಲ್ಲಿ 1980ರ ಹೊತ್ತಿಗೆ ದೇಶದ ತುಂಬ ಆ ನೀತಿ ಬಂದಿತ್ತು. ಅತ್ತೆ ಬಟ್ಟೆ ಗಿರಣಿಯಲ್ಲಿ, ಮಾವ ಸರ್ಕಾರಿ ಶಾಲೆಯಲ್ಲಿ. ಎರಡನೇ ಮಗು ಆದರೆ ಕೆಲಸಕ್ಕೇ ಕುತ್ತು. ನನ್ನ ಹೆಂಡತಿ ಹುಟ್ಟಿದ್ದು 1990ರಲ್ಲಿ. ಎಲ್ಲರಿಗೂ ಎರಡನೇ ಮಗುವಿಗೆ ಅನುಮತಿ ಸಿಕ್ಕಿದ್ದು 2016ರಲ್ಲಿ. ಅಷ್ಟು ಹೊತ್ತಿಗೆ ಅತ್ತೆ ರಿಟೈರ್ ಆಗಿಯೇ ಎಷ್ಟೋ ವರ್ಷವಾಗಿತ್ತು. ಆಗ ಅಲ್ಲಿ ಗಿರಣಿಯ ಹೆಂಗಸರಿಗೆ 50ಕ್ಕೇ ನಿವೃತ್ತಿಯಾಗುತ್ತಿತ್ತು. ಒಂದು ಸರ್ಕಾರ ಒಂದೇ ಮಗು ಸಾಕು ಅಂದಿತು. ಮೂವತ್ತು ವರ್ಷದ ಮೇಲೆ ಇನ್ನೊಂದು ಸರ್ಕಾರ, ಒಂದೇ ಮಗುವಾ, ಹಾಗಾದರೆ ನಿಮ್ಮನ್ನು ನಂಬೋದು ಹೇಗೆ ಅಂದಿತು. ಇದರ ನಡುವೆ ಆ ಇಬ್ಬರು ಏನು ಮಾಡಬೇಕಿತ್ತು?

ನಮ್ಮ ಅಪ್ಪ ಅಮ್ಮನಿಗೂ ಇದೇ ವೀಸಾ, ಇದೇ ಅರ್ಜಿ. ಅವರು ಹಾಸನದವರು. ಬೆಂಗಳೂರಿನಲ್ಲಿ ವೀಸಾ ಕೊಡುವ ಅಮೆರಿಕದ ಕಾನ್ಸುಲೇಟ್ ಇಲ್ಲದ್ದರಿಂದ ಚೆನ್ನೈಗೇ ಹೋಗಬೇಕಿತ್ತು. ಒಂದು ದಿನ ಬೆರಳಚ್ಚು, ಫೋಟೋ. ಮಾರನೆಯ ದಿನ ಜೆಮಿನಿ ಫ್ಲೈಓವರ್ ಪಕ್ಕದ ಆ ದೊಡ್ಡ ಗೇಟಿನ ಮುಂದೆ ಸಾಲು. ಅವರನ್ನೂ ಕೇಳಿದರು, ಮಕ್ಕಳೆಷ್ಟು ಅಂತ. ಅಪ್ಪ ಹೇಳಿದರು: ಇಬ್ಬರು, ಮಗಳು ಹಾಸನದಲ್ಲೇ ಇದ್ದಾಳೆ, ಮೊಮ್ಮಗ ಹೈಸ್ಕೂಲು. ಅಷ್ಟೇ. ವೀಸಾ ಆಯಿತು. ಅಕ್ಕ ಹಾಸನದಲ್ಲಿ ಇದ್ದದ್ದಕ್ಕೆ ಅಪ್ಪ ಅಮ್ಮನಿಗೆ ನನ್ನನ್ನು ನೋಡಲು ದಾರಿಯಾಯಿತು. ನನ್ನ ಹೆಂಡತಿಗೆ ಅಂಥ ಅಕ್ಕ ಇಲ್ಲ.

ಇನ್ನೊಂದು ಮಾತು ಹೇಳಲೇಬೇಕು. ನಾನು ಭಾರತದಲ್ಲಿ ಹುಟ್ಟಿದವನು. ಇಲ್ಲಿ ನೌಕರಿಯ ಮೇಲೆ ಗ್ರೀನ್ ಕಾರ್ಡಿಗೆ ನಿಂತ ಭಾರತೀಯರ ಸಾಲು ಎಷ್ಟು ಉದ್ದ ಅಂತ ಎಲ್ಲರಿಗೂ ಗೊತ್ತು. ಆದರೆ ಗಂಡ ಹೆಂಡಿರು ಬೇರೆ ಬೇರೆ ದೇಶದಲ್ಲಿ ಹುಟ್ಟಿದ್ದರೆ, ಇಬ್ಬರಲ್ಲಿ ಯಾರ ದೇಶದ ಸಾಲು ಚಿಕ್ಕದೋ ಅದರಲ್ಲಿ ನಿಲ್ಲಬಹುದು. ಚೀನಾದ ಸಾಲೂ ಉದ್ದವೇ, ಆದರೂ ನಮ್ಮದಕ್ಕಿಂತ ಎಷ್ಟೋ ವಾಸಿ. ಹೆಂಡತಿ ಹುಟ್ಟಿದ ಊರಿನಿಂದ ನನಗೆ ಕಾರ್ಡು ಬೇಗ ಸಿಕ್ಕಿತು. ಅದೇ ಊರಿನಲ್ಲಿ ಅವಳನ್ನು ಹೆತ್ತವರಿಗೆ ಬಾಗಿಲು ಮುಚ್ಚಿತ್ತು. ತಂದೆ ತಾಯಿಯನ್ನು ಕಾಯಂ ಆಗಿ ಕರೆಸಿಕೊಳ್ಳಲು ಗ್ರೀನ್ ಕಾರ್ಡ್ ಸಾಲದು, ಪೌರತ್ವವೇ ಬೇಕು. ಹಾಗಾಗಿ ನಮಗೆ ಉಳಿದದ್ದು ಈ ವೀಸಿಟರ್ ವೀಸಾ ಒಂದೇ.

ಎರಡನೇ ಸಲ ಅರ್ಜಿ ಹಾಕುವ ಮುಂಚೆ ಮನೆಯಲ್ಲಿ ತುಂಬ ಮಾತಾಯಿತು. ಲೆಶಾನ್‌ನಿಂದ ಚೆಂಗ್ಡುವಿಗೆ ವೇಗದ ರೈಲಿನಲ್ಲಿ ಸುಮಾರು ಒಂದು ಗಂಟೆ. ಅಲ್ಲಿ ಮೊದಲು ಅಮೆರಿಕದ ಕಾನ್ಸುಲೇಟ್ ಇತ್ತು. 2020ರ ಜುಲೈನಲ್ಲಿ ಅಮೆರಿಕ ಹ್ಯೂಸ್ಟನ್‌ನಲ್ಲಿದ್ದ ಚೀನಾದ ಕಾನ್ಸುಲೇಟನ್ನು ಮುಚ್ಚಿಸಿತು. ಅದಕ್ಕೆ ಉತ್ತರವಾಗಿ ಚೀನಾ ಚೆಂಗ್ಡುವಿನದನ್ನು ಮುಚ್ಚಿಸಿತು. ಆಮೇಲೆ ಸಿಚುವಾನ್ ಕಡೆಯ ಜನ ಬೀಜಿಂಗ್, ಶಾಂಘೈ, ಗುವಾಂಗ್‌ಝೌ ಅಂತ ದೂರ ದೂರ ಹೋಗಬೇಕಾಯಿತು. ಅತ್ತೆ ಮಾವನೂ ವಿಮಾನ ಹತ್ತಿ, ಹೋಟೆಲ್ ಹಿಡಿದು ಹೋದವರೇ. ಮತ್ತೆ ಅಷ್ಟು ದೂರ ಹೋಗಿ ಇನ್ನೊಂದು ಹಾಳೆ ಹಿಡಿದು ಬರುವುದಾದರೆ ಬೇಡ ಅಂತ ಅತ್ತೆ ಹಟ ಹಿಡಿದರು. ಅವರ ಮಟ್ಟಿಗೆ ಅದು ಮರ್ಯಾದೆಯ ಪ್ರಶ್ನೆಯಾಗಿತ್ತು. ಜೀವಮಾನದಲ್ಲಿ ಯಾರ ಹತ್ತಿರವೂ ಸಾಲ ಮಾಡದವರನ್ನು ಕಳ್ಳರ ಹಾಗೆ ನೋಡಿದರು ಅಂತ ಅವರ ದುಃಖ.

ದಾರಿ ಹುಡುಕಿದ್ದು ಮಾವ. "ನಾನು ಬರುವುದಿಲ್ಲ. ಅವಳೊಬ್ಬಳೇ ಬರಲಿ" ಅಂದರು.

ಮಾವನ ತಾಯಿಗೆ ಆಗ 89. ಅದೇ ಮನೆಯಲ್ಲಿ ಇದ್ದರು. ಇಬ್ಬರೂ ಅಮೆರಿಕಕ್ಕೆ ಬಂದರೆ ಅಜ್ಜಿಯನ್ನು ಮಾವನ ತಂಗಿಯ ಮನೆಯಲ್ಲಿ ಬಿಡುವುದು ಅಂತ ಮೊದಲು ಮಾತಾಗಿತ್ತು. ಈಗ ಮಾವ ಅಜ್ಜಿಯ ಜೊತೆ ಉಳಿಯುತ್ತೇನೆ ಅಂದರು. ಸಂದರ್ಶನದಲ್ಲಿ ಅತ್ತೆ ಇದ್ದದ್ದನ್ನೇ ಹೇಳಿದರು. ಮಗಳಿಗೆ ಹೆರಿಗೆ, ಬಾಣಂತನಕ್ಕೆ ಹೋಗುತ್ತಿದ್ದೇನೆ. ಗಂಡ ಊರಲ್ಲಿರುತ್ತಾರೆ, ಮುದಿ ಅತ್ತೆಯನ್ನು ನೋಡಿಕೊಳ್ಳುತ್ತಾರೆ. ವಸಂತದಲ್ಲಿ ವಾಪಸ್ ಬರುತ್ತೇನೆ. ಈ ಸಲವೂ ಎರಡೇ ನಿಮಿಷ. ಈ ಸಲವೂ ಫೈಲ್ ತೆರೆಯಲಿಲ್ಲ. ವೀಸಾ ಸಿಕ್ಕಿತು, ಅದೂ ಹತ್ತು ವರ್ಷದ್ದು. ಚೀನಾದವರಿಗೆ 2014ರ ಕೊನೆಯಿಂದ ಹತ್ತು ವರ್ಷದ ವೀಸಾ ಕೊಡುತ್ತಾರೆ.

ಖುಷಿ ಪಡಬೇಕಿತ್ತು. ಪಟ್ಟೆವು ಕೂಡ. ಆದರೆ ನನ್ನ ಹೆಂಡತಿ ಅವತ್ತು ಅಡುಗೆಮನೆಯಲ್ಲಿ ನಿಂತು ಅತ್ತಳು. ಹುಟ್ಟುವ ಮಗುವನ್ನು ಎತ್ತಿಕೊಳ್ಳಲು ಅವಳ ಅಮ್ಮ ಬರಬೇಕಾದರೆ ಅಪ್ಪ ಅಲ್ಲೇ ಉಳಿಯಬೇಕಾಯಿತು. ಅದು ಅವಳಿಗೆ ಹೊರೆಯಾಗಿತ್ತು.

ಅಕ್ಟೋಬರ್ ಕೊನೆಯಲ್ಲಿ ಹೊರಟ ದಿನ ಇನ್ನೊಂದು ಗಾಬರಿ. ಹತ್ತು ವರ್ಷದ ವೀಸಾ ಇರುವ ಚೀನೀಯರು ಪ್ರಯಾಣಕ್ಕೆ ಮುಂಚೆ ಇವಸ್ ಅನ್ನೋ ವೆಬ್‌ಸೈಟಿನಲ್ಲಿ ಹೆಸರು ನೋಂದಾಯಿಸಬೇಕು. 2016ರಿಂದ ಈ ನಿಯಮ. ಎರಡು ವರ್ಷಕ್ಕೊಮ್ಮೆ, ಅಥವಾ ಪಾಸ್‌ಪೋರ್ಟ್ ಬದಲಾದಾಗ ಮತ್ತೆ ಮಾಡಬೇಕು. ಭಾರತದವರಿಗೆ ಇದಿಲ್ಲ, ಹಾಗಾಗಿ ನನ್ನ ತಲೆಗೆ ಹೊಳೆದಿರಲಿಲ್ಲ. ಚೆಂಗ್ಡು ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೇಳಿದರು. ನಮಗೆ ಇಲ್ಲಿ ನಡುರಾತ್ರಿ. ತುಂಬು ಗರ್ಭಿಣಿ ಹಾಸಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅಮ್ಮನ ಪಾಸ್‌ಪೋರ್ಟ್ ನಂಬರ್ ಬೆರಳಚ್ಚಿಸಿದಳು. ಕೆಲವು ನಿಮಿಷದಲ್ಲಿ ಒಪ್ಪಿಗೆ ಬಂತು. ಚೀನಾದ ಅತ್ತೆ ಮಾವ ಇರುವ ಯಾರಾದರೂ ಇದನ್ನು ಓದುತ್ತಿದ್ದರೆ, ವೀಸಾ ಬಂದ ವಾರವೇ ಇದನ್ನು ಮುಗಿಸಿಬಿಡಿ.

ಅತ್ತೆ ದಕ್ಷಿಣ ಕೊರಿಯಾದ ಸೋಲ್ ಮೇಲಿಂದ ಬಂದಿಳಿದರು. ಸೂಟ್‌ಕೇಸ್‌ನಲ್ಲಿ ಕೆಂಪು ಖರ್ಜೂರದಂಥ ಒಣ ಬೋರೆಹಣ್ಣು, ಕರಿಬೆಲ್ಲದಂಥ ಕೆಂಪು ಸಕ್ಕರೆ, ಪಿಕ್ಸಿಯನ್ ಊರಿನ ಮೆಣಸಿನಕಾಯಿ ಮತ್ತು ಅವರೆಯಂಥ ಕಾಳಿನ ಗೊಜ್ಜು, ಮತ್ತೆ ಹ್ವಾಜಿಯಾವ್. ಬಾಯಿ ಜುಮ್ಮೆನ್ನಿಸುವ ಸಿಚುವಾನ್ ಮೆಣಸು ಅದು. ಅದನ್ನು ನೆಕ್ಕಿದಾಗ ನನಗೆ ತಕ್ಷಣ ನೆನಪಾದದ್ದು ಕರಾವಳಿಯ ಕೊಂಕಣಿಗರು ಅಡುಗೆಗೆ ಹಾಕುವ ತಿರ್ಫಲ. ಎರಡೂ ಒಂದೇ ಕುಲದ ಗಿಡದವು.

ಬಾಣಂತನದ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕೆಂದರೆ ನಮ್ಮ ಮದುವೆಯ ನಿಜವಾದ ಪರೀಕ್ಷೆ ಅಲ್ಲಿ ಆಯಿತು.

ಚೀನೀಯರಲ್ಲಿ ಬಾಣಂತನಕ್ಕೆ 'ತಿಂಗಳು ಕೂರುವುದು' ಅನ್ನುತ್ತಾರೆ. ಹೆತ್ತವಳು ಒಂದು ತಿಂಗಳು ಹೊರಗೆ ಹೋಗುವ ಹಾಗಿಲ್ಲ. ತಣ್ಣೀರು ಮುಟ್ಟಬಾರದು. ಗಾಳಿ ಸೋಕಬಾರದು. ಕಾಲಿಗೆ ಸಾಕ್ಸ್, ತಲೆಗೆ ಟೊಪ್ಪಿ. ಕುಡಿಯಲು ಬಿಸಿ ನೀರು. ನಮ್ಮ ಅಮ್ಮ ಫೋನಿನಲ್ಲಿ ಹೇಳುತ್ತಿದ್ದದ್ದೂ ಅಕ್ಷರಕ್ಕೆ ಅಕ್ಷರ ಇದೇ. ತಲೆಗೆ ಸ್ಕಾರ್ಫ್ ಕಟ್ಟು, ಫ್ಯಾನ್ ಬೇಡ, ಬಿಸಿನೀರೇ ಕುಡಿಸು. ಇಲ್ಲಿ ಹೆರಿಗೆಯಾದ ಗಂಟೆಯೊಳಗೆ ನರ್ಸ್ ದೊಡ್ಡ ಲೋಟದ ತುಂಬ ಐಸ್ ನೀರು ತಂದಿಟ್ಟಳು. ಅತ್ತೆ ಅದನ್ನು ಮೆಲ್ಲಗೆ ಎತ್ತಿ ಸಿಂಕಿಗೆ ಸುರಿದು, ಮನೆಯಿಂದ ತಂದ ಫ್ಲಾಸ್ಕ್ ತೆಗೆದರು. ಅಮ್ಮ ಇದ್ದಿದ್ದರೂ ಅದನ್ನೇ ಮಾಡುತ್ತಿದ್ದರು.

ಬೇರೆಯಾದದ್ದು ಎರಡು ಕಡೆ. ಮೊದಲನೆಯದು ಅಡುಗೆ. ಹಾಸನದ ನಮ್ಮದು ಮೊಟ್ಟೆಯನ್ನೂ ತರದ ಮನೆ. ಹಾಲು ಬರಲಿ ಅಂತ ಅಮ್ಮ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಅಂಟಿನ ಉಂಡೆ ಅನ್ನುತ್ತಿದ್ದರು. ಅತ್ತೆ ಅದಕ್ಕೇ ಕಡಲೆಕಾಯಿ ಬೀಜ ಹಾಕಿ ಹಂದಿ ಕಾಲಿನ ಸೂಪು ಕುದಿಸಿದರು. ಇಷ್ಟು ವರ್ಷ ಹೆಂಡತಿಯ ಜೊತೆ ಇದ್ದರೂ ಆ ವಾಸನೆ ಮನೆಯಲ್ಲಿ ಅಷ್ಟು ದಟ್ಟವಾಗಿ ಎಂದೂ ಬಂದಿರಲಿಲ್ಲ. ನಾನು ಬಾಯಿಬಿಟ್ಟು ಏನೂ ಹೇಳಲಿಲ್ಲ. ಎದ್ದು ಹೋಗಿ ಕಿಟಕಿ ತೆರೆದೆ. ಮಿನ್ನಿಯಾಪೊಲಿಸ್‌ನ ನವೆಂಬರ್ ಚಳಿ ಒಳಗೆ ನುಗ್ಗಿತು. ಬಾಣಂತಿ ಇರುವ ಮನೆ. ಅತ್ತೆ ಕಿಟಕಿ ನೋಡಿದರು, ನನ್ನ ಮುಖ ನೋಡಿದರು, ಸುಮ್ನಾದರು.

ಮಾರನೆಯ ಬೆಳಿಗ್ಗೆ ಅವರು ಅಡುಗೆಮನೆಯಲ್ಲಿ ಇರಲಿಲ್ಲ. ಗ್ಯಾರೇಜಿನಲ್ಲಿ ಕೋಟು ಹಾಕಿಕೊಂಡು, ಕರೆಂಟ್ ಒಲೆಯ ಮುಂದೆ ಪುಟ್ಟ ಸ್ಟೂಲಿನ ಮೇಲೆ ಕೂತಿದ್ದರು. ಪಾತ್ರೆಯಿಂದ ಹಬೆ ಏಳುತ್ತಿತ್ತು. ಉಸಿರಿನಿಂದಲೂ. ಅರವತ್ತು ದಾಟಿದ ಹೆಂಗಸು, ಭಾಷೆ ಬರದ ದೇಶದಲ್ಲಿ, ಅಳಿಯನಿಗೆ ತೊಂದರೆ ಆಗಬಾರದು ಅಂತ ಆ ಚಳಿಯಲ್ಲಿ ಕೂತಿದ್ದರು. ನನಗೆ ಮಾತು ಹೊರಡಲಿಲ್ಲ. ನನ್ನ ಚೀನೀ ಭಾಷೆ ಅಷ್ಟಕ್ಕಷ್ಟೇ, ಅವರದ್ದು ಸಿಚುವಾನ್ ಕಡೆಯ ಮಾತು, ಫೋನಿನ ಅನುವಾದದ ಆ್ಯಪ್‌ಗೂ ಸರಿಯಾಗಿ ತಿಳಿಯುತ್ತಿರಲಿಲ್ಲ. ಪಾತ್ರೆಯನ್ನು ನಾನೇ ಎತ್ತಿಕೊಂಡು ಬಂದು ಅಡುಗೆಮನೆಯ ಒಲೆಯ ಮೇಲಿಟ್ಟೆ. ಅವರು ಹಿಂದೆಯೇ ಬಂದರು. ಆ ತಿಂಗಳು ಪೂರ್ತಿ ಸೂಪು ಅಲ್ಲೇ ಕುದಿಯಿತು. ನಾನು ಈಗಲೂ ಅದನ್ನು ತಿನ್ನುವುದಿಲ್ಲ. ಆದರೆ ಕಿಟಕಿ ಮತ್ತೆ ತೆರೆಯಲಿಲ್ಲ.

ಎರಡನೆಯದು ತಲೆಸ್ನಾನ. ನಮ್ಮಲ್ಲಿ ಬಾಣಂತಿಗೆ ಎಣ್ಣೆ ಹಚ್ಚಿ, ಸುಡು ಸುಡುವ ನೀರು ಹೊಯ್ದು, ಸಾಂಬ್ರಾಣಿ ಹೊಗೆ ಹಾಕಿ ಮಲಗಿಸುವುದೇ ಬಾಣಂತನ. ಅತ್ತೆಯ ಪ್ರಕಾರ 30 ದಿನ ತಲೆಗೆ ನೀರು ತಾಕಿಸಲೇಬಾರದು, ತಾಕಿದರೆ ಮುದುಕಿಯಾದಾಗ ತಲೆನೋವು ಬಿಡದು. ಅಮ್ಮ ದಿನಾ ಕೇಳೋರು, "ಎಣ್ಣೆ ನೀರು ಆಯ್ತೇನೋ?" ನಾನು ಇಬ್ಬರ ನಡುವೆ ಸಿಕ್ಕಿದ್ದೆ. ಬಾಣಂತಿಗೆ ಮಾತ್ರ ತಲೆ ಕೆರೆತ.

ಒಂದು ಸಂಜೆ ನನ್ನ ಹೆಂಡತಿ ಹಾಸನಕ್ಕೆ, ನಮ್ಮ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ, ಫೋನನ್ನು ಅತ್ತೆಯ ಕಡೆ ತಿರುಗಿಸಿದಳು. ಅಮ್ಮ ಕನ್ನಡದಲ್ಲಿ ಹೇಳಿದರು, ನಾನು ಇಂಗ್ಲಿಷಿಗೆ, ಅವಳು ಸಿಚುವಾನ್ ಮಾತಿಗೆ. ನೀರು ಹೊಯ್ದ ಕೂಡಲೇ ಕೂದಲು ಆರಿಸುತ್ತೇವೆ. ಹೊಗೆಯಲ್ಲಿ ಆರಿಸುತ್ತೇವೆ. ತಲೆ ಬಿಗಿಯಾಗಿ ಕಟ್ಟುತ್ತೇವೆ. ಗಾಳಿ ಸೋಕಲು ಬಿಡುವುದಿಲ್ಲ. 'ಗಾಳಿ' ಅಂದ ತಕ್ಷಣ ಅತ್ತೆ ತಲೆ ಎತ್ತಿದರು. ಅವರ ಹೆದರಿಕೆ ನೀರಿನದ್ದಲ್ಲ, ಒದ್ದೆ ತಲೆಗೆ ತಾಕುವ ಗಾಳಿಯದ್ದು. ಆಮೇಲೆ ಅವರೇ ಅಂದರು, ನಮ್ಮ ಕಡೆಯೂ ತೊಳೆಯಲೇಬೇಕಾದರೆ ಶುಂಠಿ ಕುದಿಸಿದ ನೀರಿನಲ್ಲಿ ತೊಳೆಯುತ್ತಾರೆ ಅಂತ. ಹನ್ನೆರಡನೆಯ ದಿನ ಶುಂಠಿ ನೀರು ಕುದಿಸಿದರು. ಅದಕ್ಕೆ ಮುಂಚೆ ನಾನು ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದೆ. ಅತ್ತೆ ನೀರು ಹೊಯ್ದರು. ಅಮ್ಮ ಹಾಸನದಿಂದ ಫೋನಿನಲ್ಲಿ ನೋಡುತ್ತ, "ಇನ್ನೂ ಬಿಸಿ ಇರ್ಬೇಕು ಕಣೋ" ಅನ್ನುತ್ತಿದ್ದರು.

ಬಂದಿಳಿದಾಗ ಆರು ತಿಂಗಳು ಇರಬಹುದು ಅಂತ ಮುದ್ರೆ ಬಿದ್ದಿತ್ತು. ಅತ್ತೆ ಐದೂವರೆ ತಿಂಗಳಿಗೇ ಹೊರಟರು. ಇನ್ನೆರಡು ವಾರ ಇರಿ ಅಂದರೆ ಕೇಳಲಿಲ್ಲ. "ಹೇಳಿದ ಹಾಗೆ ನಡೆದುಕೊಳ್ಳಬೇಕು" ಅಂದರು. ನನ್ನ ಹತ್ತಿರ ಅವರು ಕಲಿತ ಕೆಲವೇ ಕನ್ನಡ ಮಾತುಗಳಲ್ಲಿ ಒಂದು 'ಹೋಗಿ ಬರ್ತೀನಿ'. ನಮ್ಮಲ್ಲಿ ಹೊರಡುವವರು ಬರೀ 'ಹೋಗ್ತೀನಿ' ಅನ್ನಬಾರದು ಅಂತ ನಾನೇ ಹೇಳಿಕೊಟ್ಟಿದ್ದೆ. ಸೆಕ್ಯೂರಿಟಿ ಸಾಲಿನಲ್ಲಿ ನಿಂತು, ತಿರುಗಿ, ನಿಧಾನವಾಗಿ ಒಂದೊಂದೇ ಅಕ್ಷರ ಹೇಳಿದರು. ಹೋಗಿ ಬರ್ತೀನಿ. ನಾವು ಬಾಗಿಲಲ್ಲಿ ನಿಂತು ದಿನಾ ಹೇಳುವ ಮಾತು. ವೀಸಾದ ಕಿಂಡಿಯಲ್ಲಿ ಅವರನ್ನು ಕೇಳಿದ್ದೂ ಇದೇ ಮಾತನ್ನು, ಕಾಗದದ ಮೇಲೆ, ಸಾಕ್ಷಿ ಸಮೇತ.

2024ರ ಶರತ್ಕಾಲದಲ್ಲಿ ಲೆಶಾನ್‌ನ ಅಜ್ಜಿ ತೀರಿಕೊಂಡರು. ನನ್ನ ಹೆಂಡತಿ ಹೋಗಿ ಬಂದಳು. ಅಜ್ಜಿಯನ್ನು ಬಿಟ್ಟು ಬರಲಾರೆ ಅನ್ನುವುದು ಮಾವನ ಕರ್ತವ್ಯವಾಗಿತ್ತು, ವೀಸಾದ ಕಿಂಡಿಯಲ್ಲಿ ಅದೇ ಅತ್ತೆಗೆ ಸಾಕ್ಷಿಯೂ ಆಗಿತ್ತು. ಈಗ ಮಾವ ಬರಬಹುದು. ಆದರೆ ಈಗ ಅವರನ್ನು ಹಿಡಿದಿಡುವುದು ಏನು ಅಂತ ತೋರಿಸಬೇಕು? ಈ ಲೆಕ್ಕ ಹಾಕುತ್ತಿದ್ದೇನಲ್ಲ ಅಂತ ನನಗೇ ನೋವಾಯಿತು, ಅದೂ ಸೂತಕದ ಮನೆಯಲ್ಲಿ. ಮಾವ ಅರ್ಜಿ ಹಾಕಿದ್ದು ಮುಂದಿನ ವಸಂತದಲ್ಲಿ. ತಮ್ಮ ಹೆಂಡತಿ ಒಮ್ಮೆ ಅಮೆರಿಕಕ್ಕೆ ಹೋಗಿ, ಹೇಳಿದ ದಿನಕ್ಕೆ ಮುಂಚೆಯೇ ವಾಪಸಾಗಿದ್ದಾಳೆ ಅಂದರು. ವೀಸಾ ಕೊಟ್ಟರು. ಮೊಮ್ಮಗಳನ್ನು ಅವರು ಮೊದಲ ಸಲ ಎತ್ತಿಕೊಂಡಾಗ ಅವಳಿಗೆ ಒಂದೂವರೆ ವರ್ಷ. ಎತ್ತಿಕೊಳ್ಳಲು ಬಿಡದೆ ಓಡಿದಳು.

ಮಾವನ ಜೊತೆ ಅತ್ತೆಯೂ ಬಂದಿದ್ದರು. 2025ರ ಆ ಜೂನ್‌ನಲ್ಲಿ ಅಪ್ಪ ಅಮ್ಮನೂ ಬಂದರು. ನಮ್ಮ ಮದುವೆ 2019ರಲ್ಲಿ ಇಲ್ಲಿಯ ಕೋರ್ಟಿನಲ್ಲಿ ಆಗಿತ್ತು. 2020ರ ಡಿಸೆಂಬರಿನಲ್ಲಿ ಹಾಸನದಲ್ಲಿ ಆರತಕ್ಷತೆ ಅಂತ ಛತ್ರ ನೋಡಿದ್ದೆವು. ಮೊದಲು ಕೋವಿಡ್ ಬಂತು. ಆಮೇಲೆ ಗಡಿಯಲ್ಲಿ ಗಲ್ವಾನ್ ಘರ್ಷಣೆ ಆಯಿತು, ಭಾರತದಿಂದ ಚೀನೀಯರಿಗೆ ಪ್ರವಾಸಿ ವೀಸಾ ನಿಂತೇ ಹೋಯಿತು. ಆರು ವರ್ಷ ಬೀಗರು ಬೀಗರ ಮುಖವನ್ನು ಫೋನಿನಲ್ಲೇ ನೋಡಿದ್ದು. ನೆರೆಹೊರೆಯ ಎರಡು ದೇಶದವರು ಭೇಟಿಯಾಗಲು ಮೂರನೆಯ ದೇಶಕ್ಕೆ ಬರಬೇಕಾಯಿತು.

ನಾಲ್ವರಿಗೂ ಸೇರಿ ಒಂದು ಭಾಷೆ ಇರಲಿಲ್ಲ, ಆದರೂ ಸಂಬಂಧದ ಲೆಕ್ಕ ಬೇಗ ಹೊಂದಿಕೊಂಡಿತು. ಇಂಗ್ಲಿಷಿನಲ್ಲಿ ಎಲ್ಲರೂ ಅಂಕಲ್. ನಮ್ಮಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಬೇರೆ ಬೇರೆ. ಚೀನೀಯರಲ್ಲೂ ಹಾಗೇ: ಬೊಬೊ, ಶುಶು, ಜಿಯೊಜಿಯೊ. ಅಮ್ಮ ಒಂದು ಮಧ್ಯಾಹ್ನ ಬೆರಳು ಮಡಚಿ ಮಡಚಿ ಎಲ್ಲವನ್ನೂ ಕಲಿತರು. ಅಮ್ಮನ ತಿಳಿಸಾರು ಕುಡಿದು ಅತ್ತೆ 'ಬಾಶಿ' ಅಂದರು. ಸಿಚುವಾನ್ ಮಾತಿನಲ್ಲಿ ಹಿತ ಅನ್ನಿಸಿತು ಅಂತ. ಆಮೇಲೆ ಅಪ್ಪ ಪ್ರತಿ ಊಟಕ್ಕೂ ಬಾಶಿ ಅನ್ನತೊಡಗಿದರು.

ನಾಲ್ವರೂ ಮನೆಯಲ್ಲಿದ್ದಾಗಲೇ, ಜುಲೈ ಕೊನೆಯ ವಾರದಲ್ಲಿ, ಭಾರತ ಮತ್ತೆ ಚೀನೀಯರಿಗೆ ಪ್ರವಾಸಿ ವೀಸಾ ಕೊಡುತ್ತದೆ ಅನ್ನೋ ಸುದ್ದಿ ಬಂತು. ಅಪ್ಪನೇ ಫೋನಿನಲ್ಲಿ ಓದಿ ಹೇಳಿದ್ದು. ಅಕ್ಟೋಬರ್ ಕೊನೆಗೆ ಕೋಲ್ಕತ್ತಾ ಮತ್ತು ಗುವಾಂಗ್‌ಝೌ ನಡುವೆ ನೇರ ವಿಮಾನವೂ ಶುರುವಾಯಿತು.

ಈಗ ಮಾವ ಭಾರತದ ಅರ್ಜಿ ತುಂಬುತ್ತಿದ್ದಾರೆ. ಮತ್ತೆ ಹಾಳೆಗಳ ಮೂಲೆಗೆ ಪೆನ್ಸಿಲ್ ಸಂಖ್ಯೆ. ಮೊನ್ನೆ ಫೋನ್ ಮಾಡಿ ಒಂದು ಕಾಲಂ ಬಗ್ಗೆ ಕೇಳಿದರು. ಭಾರತದಲ್ಲಿ ನಿಮ್ಮನ್ನು ಬಲ್ಲವರ ಹೆಸರು, ವಿಳಾಸ. ಅಮ್ಮನ ಹೆಸರು ಬರೆಯಿರಿ ಅಂದೆ. ಅವರ ಮನೆತನದ ಹೆಸರು ಏನು ಅಂದರು. ಇಲ್ಲ ಅಂದೆ. ಅಮ್ಮನ ಪಾಸ್‌ಪೋರ್ಟಿನಲ್ಲಿ ಇರುವುದು ಒಂದೇ ಹೆಸರು. ಅದಕ್ಕೇ ಅಮೆರಿಕದ ವೀಸಾದಲ್ಲಿ ಆ ಹೆಸರನ್ನು ಮನೆತನದ ಜಾಗಕ್ಕೆ ಹಾಕಿ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಅಚ್ಚು ಮಾಡಿದ್ದಾರೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಮಾವನಿಗೆ ಇದು ಸರಿ ಕಾಣಲಿಲ್ಲ. ಬೀಗಿತ್ತಿಯ ಹೆಸರನ್ನು ಅರ್ಧ ಬರೆಯುವುದು ಹೇಗೆ? ನಾವು ಹೆಸರಿನ ಹಿಂದೆ ಊರಿನ ಇನಿಷಿಯಲ್ ಇಡುತ್ತೇವೆ, ಅಮ್ಮನ ತವರು ಚನ್ನರಾಯಪಟ್ಟಣ ಅಂದೆ. ಒಂದೊಂದೇ ಅಕ್ಷರ ಹೇಳು ಅಂದರು. ಹೇಳಿದೆ. ಚೀನೀಯರು ಮನೆತನದ ಹೆಸರನ್ನು ಮೊದಲು ಬರೆಯುವ ಹಾಗೆ, ಅವರು ಚನ್ನರಾಯಪಟ್ಟಣ ಅಂತ ಮೊದಲು ಬರೆದು, ಆಮೇಲೆ ಅಮ್ಮನ ಹೆಸರು ಬರೆದು, ಸರಿ ಇದೆಯಾ ಅಂತ ಓದಿ ತೋರಿಸಿದರು.